ಮೋಟಾರು ಸೈಕಲ್ಲಿನ ಹೊಸ ಸವಾರ

ಬೈಸಿಕಲ್ಲನ್ನು ಕಲಿಯುವ ಹುಡುಗನು ಬೀಳುತ್ತ ಏಳುತ್ತ ಕಲಿಯುತ್ತಾನೆ. ಮೊಣಕಾಲು ತರಚಿದರೆ ಮನೆಯಲ್ಲಿ ಅರಿಸಿನ ಹಚ್ಚುತ್ತಾರೆ; ಮರುದಿನ ಅವನು ಮತ್ತೆ ಸೈಕಲ್ಲು ಹತ್ತುತ್ತಾನೆ. ತಪ್ಪು ಮಾಡಿ ತಿದ್ದಿಕೊಳ್ಳುವ ಈ ಮಾರ್ಗವು ಬಹು ಹಳೆಯದು, ಬಹುಮಟ್ಟಿಗೆ ಒಳ್ಳೆಯದೂ ಹೌದು. ಆದರೆ ಅದೇ ಹುಡುಗನು ಹದಿನೆಂಟು ತುಂಬಿ ಮೋಟಾರು ಸೈಕಲ್ಲನ್ನು ಏರಿದಾಗ ಈ ಮಾರ್ಗವು ಅವನಿಗೆ ಒದಗುವುದಿಲ್ಲ. ಗಂಟೆಗೆ ಅರುವತ್ತು ಕಿಲೋಮೀಟರು ವೇಗದಲ್ಲಿ ಮಾಡಿದ ತಪ್ಪನ್ನು ತಿದ್ದಿಕೊಳ್ಳುವುದಕ್ಕೆ ಎರಡನೆಯ ಅವಕಾಶವು ಎಲ್ಲರಿಗೂ ದೊರೆಯದು. ಆದಕಾರಣ ಇಲ್ಲಿ ಪರರು ಮಾಡಿದ ತಪ್ಪುಗಳನ್ನು ಮುಂದಾಗಿ ತಿಳಿದು, ಅವಕ್ಕೆ ತಕ್ಕ ಅಭ್ಯಾಸವನ್ನು ಮೊದಲೇ ಮಾಡಿಕೊಳ್ಳಬೇಕಾಗಿದೆ. ಆ ತಪ್ಪುಗಳು ಯಾವುವು, ಅವು ಏಕೆ ಸಂಭವಿಸುತ್ತವೆ, ಅವನ್ನು ತಪ್ಪಿಸುವ ಬಗೆ ಹೇಗೆ ಎಂಬುದೇ ಈ ದಿನದ ಭಾಷಣದ ವಿಷಯ. ಸವಾರನೆಂದು ನಾನು ಹೇಳುವಲ್ಲೆಲ್ಲ ಸ್ತ್ರೀಯರೂ ಸೇರಿದ್ದಾರೆಂದು ಶ್ರೋತೃಗಳು ಭಾವಿಸಬೇಕು.

ವಿಷಯವು ಅಲ್ಪವಾದುದಲ್ಲ. ಭಾರತ ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ ವರದಿಯಂತೆ ೨೦೨೨ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಜನರು ಅಪಘಾತಗಳಿಂದ ಮೃತರಾದರು. ಅವರಲ್ಲಿ ೭೪,೮೯೭ ಮಂದಿ ಎರಡು ಚಕ್ರದ ವಾಹನಗಳ ಮೇಲೆ ಇದ್ದವರು. ಎಂದರೆ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು. ಹೀಗೆ ಹೋದವರಲ್ಲಿ ಬಹು ಮಂದಿ ಮನೆಯ ದುಡಿಮೆಗೆ ಆಧಾರವಾಗಿದ್ದ ತರುಣರು. ಯುದ್ಧವೊಂದರಲ್ಲಿ ಇಷ್ಟು ಜನರು ಮಡಿದಿದ್ದರೆ ದೇಶವೆಲ್ಲ ಮರುಗುತ್ತಿದ್ದಿತು. ಒಬ್ಬೊಬ್ಬರಾಗಿ, ಊರೂರಿನಲ್ಲಿ, ದಿನದಿನವೂ ಮಡಿಯುವುದರಿಂದ ಆ ದುಃಖವು ಆಯಾ ಮನೆಯ ಗೋಡೆಗಳೊಳಗೇ ಉಳಿದುಬಿಡುತ್ತದೆ.

ಈ ವಿಷಯವನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಸೀಮೆಗಳ ರಸ್ತೆಗಳನ್ನು ಕಣ್ಣಮುಂದೆ ಇಟ್ಟುಕೊಂಡು ವಿವೇಚಿಸುತ್ತೇನೆ. ಈಚಿನ ವರ್ಷಗಳಲ್ಲಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದುವು ಬೇರೆ ತಾಲ್ಲೂಕುಗಳಾಗಿದ್ದರೂ ಸೀಮೆಯ ಲಕ್ಷಣವು ಒಂದೇ. ಬಡಗಲಲ್ಲಿ ಭೀಮೆ, ತೆಂಕಲಲ್ಲಿ ಕೃಷ್ಣೆ, ನಡುವೆ ಡೋಣಿ, ಬಹುಭಾಗ ಎರೆನೆಲ, ಊರಿಂದೂರಿಗೆ ಬಹಳ ದೂರ. ವಿಜಯಪುರದಿಂದ ಸಿಂದಗಿಗೆ ಸುಮಾರು ಅರುವತ್ತು ಕಿಲೋಮೀಟರು. ಬಸ್ಸಿನ ಸಂಚಾರವು ವಿರಳವಾದ ಹಳ್ಳಿಯಲ್ಲಿ ಮೋಟಾರು ಸೈಕಲ್ಲು ವಿಲಾಸದ ವಸ್ತುವಲ್ಲ. ಹೊಲಕ್ಕೂ ಸಂತೆಗೂ ಆಸ್ಪತ್ರೆಗೂ ಕಾಲೇಜಿಗೂ ಅದೇ ಕಾಲು. ನಗರವಾಸಿಗಳಾದ ಶ್ರೋತೃಗಳು ಇದರಿಂದ ತಮಗೇನೆಂದು ಕೇಳಬಾರದು. ನಗರದಲ್ಲಿ ಕಲಿತ ತರುಣನು ಹಬ್ಬಕ್ಕೋ ಮದುವೆಗೋ ಊರಿಗೆ ಹೋಗಿ, ದೀಪವಿಲ್ಲದ ರಸ್ತೆಯಲ್ಲಿ ಅಣ್ಣನ ಗಾಡಿಯನ್ನು ಓಡಿಸುವಾಗ ಅವನೂ ಹೊಸ ಸವಾರನೇ. ಹಾಗೆಯೇ ಹಳ್ಳಿಯ ಬಯಲಿನಲ್ಲಿ ಕಲಿತವನು ನಗರದ ಚೌಕಕ್ಕೆ ಬಂದಾಗ ಮತ್ತೊಮ್ಮೆ ಹೊಸಬನಾಗುತ್ತಾನೆ.

ಮೊದಲು ಮೂಲಕಾರಣವನ್ನು ನೋಡೋಣ. ಹೊಸ ಸವಾರರು ಕೆಡುವುದು ಧೈರ್ಯ ಹೆಚ್ಚಾದುದರಿಂದ ಎಂದು ಹಿರಿಯರು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ಉಳಿದರ್ಧವೇನೆಂದರೆ, ನಮ್ಮ ಕೈಕಾಲು ಕಣ್ಣುಗಳು ಹುಟ್ಟಿನಿಂದ ನಡೆಯುವ ವೇಗಕ್ಕೆ ಒಗ್ಗಿದವು. ಭಯವಾದೊಡನೆ ಕೈ ಬಿಗಿಯುತ್ತದೆ, ಕಾಲು ಊರಲೆಳಸುತ್ತದೆ, ಕಣ್ಣು ಭಯದ ವಸ್ತುವಿನಲ್ಲಿಯೇ ನೆಡುತ್ತದೆ. ನಡೆಯುವವನನ್ನು ಇವು ಕಾಪಾಡುತ್ತವೆ. ವೇಗವಾಗಿ ಹೋಗುವ ಸವಾರನನ್ನು ಇವೇ ಕೆಡವುತ್ತವೆ. ಈ ಯಂತ್ರದ ಮೇಲೆ ಸಹಜವಾಗಿ ತೋರುವುದೇ ಬಹುವೇಳೆ ತಪ್ಪು. ಸರಿಯಾದುದನ್ನು ಪ್ರಯತ್ನಪೂರ್ವಕವಾಗಿ ಕಲಿಯಬೇಕು.

ಇದು ಬರಿಯ ಊಹೆಯಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಹ್ಯಾರಿ ಹರ್ಟ್ ಎಂಬವರೂ ಅವರ ಸಂಗಡಿಗರೂ ಲಾಸ್ ಏಂಜಲಿಸ್ ಸೀಮೆಯಲ್ಲಿ ಮೋಟಾರು ಸೈಕಲ್ಲಿನ ಅಪಘಾತಗಳಾದ ಸ್ಥಳಕ್ಕೇ ಹೋಗಿ, ಸುಮಾರು ೯೦೦ ಪ್ರಸಂಗಗಳನ್ನು ಪರೀಕ್ಷಿಸಿ, ೧೯೮೧ರಲ್ಲಿ ವರದಿಯನ್ನು ಪ್ರಕಟಿಸಿದರು. ಅಪಘಾತಕ್ಕೆ ಸಿಕ್ಕಿದವರಲ್ಲಿ ನೂರಕ್ಕೆ ತೊಂಬತ್ತೆರಡು ಮಂದಿ ತಾವಾಗಿಯೋ ನಂಟರಿಷ್ಟರಿಂದಲೋ ಸವಾರಿಯನ್ನು ಕಲಿತವರು. ಕ್ರಮವಾದ ಶಿಕ್ಷಣವನ್ನು ಪಡೆದವರಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಅಪಘಾತವಾದ ಗಾಡಿಯ ಪರಿಚಯವು ಐದು ತಿಂಗಳೂ ಇರಲಿಲ್ಲ. ಒಟ್ಟು ಸವಾರಿಯ ಅನುಭವವೇನೋ ಸುಮಾರು ಮೂರು ವರ್ಷದ್ದಾಗಿದ್ದಿತು. ಅಪಾಯವು ಎದುರಾದ ಕ್ಷಣದಲ್ಲಿ ಅವರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಚಕ್ರವನ್ನು ಜಾರಿಸಿದರು. ಮುಂದಿನ ಬ್ರೇಕನ್ನು ಸಾಕಷ್ಟು ಹಿಡಿಯಲಿಲ್ಲ. ನಮ್ಮ ದೇಶದಲ್ಲಿಯೂ ಸವಾರಿಯ ಗುರುವು ಅಣ್ಣನೋ ಮಾವನೋ ಗೆಳೆಯನೋ ಆಗಿರುವುದರಿಂದ ಈ ಮಾತುಗಳು ನಮಗೂ ಸಲ್ಲುತ್ತವೆ.

ನಿಂತ ಗಾಡಿಯಿಂದಲೇ ಆರಂಭಿಸೋಣ. ಹೊಸಬರ ಮೊದಲ ಬೀಳುವಿಕೆಯು ಬಹುವೇಳೆ ವೇಗದಲ್ಲಿ ಆಗುವುದಿಲ್ಲ. ಅಂಗಳದಲ್ಲಿಯೋ ಪೆಟ್ರೋಲು ಬಂಕಿನ ಮುಂದೆಯೋ ಆಗುತ್ತದೆ. ಕ್ಲಚ್ಚನ್ನು ಫಕ್ಕನೆ ಬಿಟ್ಟರೆ ಗಾಡಿಯು ನೆಗೆಯುತ್ತದೆ, ಇಲ್ಲವೆ ಎಂಜಿನ್ನು ನಿಂತುಹೋಗುತ್ತದೆ. ನೆಗೆದಾಗ ಬೆದರಿದ ಸವಾರನು ಹಿಡಿಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾನೆ. ಆ ಬಿಗಿತದಲ್ಲಿ ಬಲಗೈ ತಾನೇ ತಿರುಗಿ ವೇಗವು ಹೆಚ್ಚುತ್ತದೆ. ಇದಕ್ಕೆ ಮದ್ದು ಒಂದೇ: ಕ್ಲಚ್ಚನ್ನು ಬಿಡುತ್ತ ಬಂದಾಗ ಎಲ್ಲಿ ಗಾಡಿಯು ಮೆಲ್ಲನೆ ಎಳೆಯತೊಡಗುವುದೋ ಆ ಸ್ಥಾನವನ್ನು ಬೆರಳುಗಳಿಗೆ ಪರಿಚಯ ಮಾಡಿಕೊಡಬೇಕು, ಗೊಂದಲವಾದರೆ ಏನನ್ನೂ ಯೋಚಿಸದೆ ಕ್ಲಚ್ಚನ್ನು ಪೂರ್ತಿ ಹಿಡಿಯುವ ಅಭ್ಯಾಸವಾಗಬೇಕು. ಮತ್ತೊಂದು ತಪ್ಪು, ಪಕ್ಕದ ಸ್ಟ್ಯಾಂಡನ್ನು ಮಡಿಸದೆ ಹೊರಡುವುದು. ಎಡಕ್ಕೆ ಬಾಗಿದೊಡನೆ ಆ ಕಬ್ಬಿಣವು ನೆಲಕ್ಕೆ ತಗುಲಿ ಗಾಡಿಯನ್ನು ಎತ್ತಿ ಒಗೆಯುತ್ತದೆ. ಹೊರಡುವ ಮೊದಲು ಎಡಗಾಲನ್ನು ಹಿಂದಕ್ಕೆ ಬೀಸಿ ನೋಡುವುದು ಒಂದು ಕ್ಷಣದ ಕೆಲಸ.

ಇನ್ನು ಬ್ರೇಕು. ಮುಂದಿನ ಬ್ರೇಕನ್ನು ಮುಟ್ಟಿದರೆ ಪಲ್ಟಿಯಾಗುವೆ ಎಂದು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಹೊಸಬರಿಗೆ ಹೇಳಿಕೊಡುವವರು ಉಂಟು. ಈ ಉಪದೇಶವು ಎಷ್ಟೋ ಜೀವಗಳನ್ನು ತೆಗೆದಿದೆ. ಗಾಡಿಯು ವೇಗವನ್ನು ಕಳೆದುಕೊಳ್ಳುವಾಗ ಅದರ ಭಾರವೆಲ್ಲ ಮುಂದಕ್ಕೆ ಸರಿಯುತ್ತದೆ. ನಿಂತ ಬಸ್ಸಿನಲ್ಲಿ ಜನರು ಮುಂದಕ್ಕೆ ವಾಲುವಂತೆ. ಭಾರ ಬಿದ್ದ ಮುಂದಿನ ಚಕ್ರವು ರಸ್ತೆಯನ್ನು ಬಲವಾಗಿ ಕಚ್ಚುತ್ತದೆ. ಹಗುರವಾದ ಹಿಂದಿನ ಚಕ್ರವು ಸುಲಭವಾಗಿ ಜಾರುತ್ತದೆ. ಒಣಗಿದ ಡಾಂಬರಿನ ಮೇಲೆ ಗಾಡಿಯನ್ನು ನಿಲ್ಲಿಸುವ ಶಕ್ತಿಯಲ್ಲಿ ಮುಕ್ಕಾಲು ಪಾಲಿನಷ್ಟು ಮುಂದಿನ ಬ್ರೇಕಿನದೇ. ಅದನ್ನು ಒಮ್ಮೆಗೇ ಕಿತ್ತುಕೊಳ್ಳುವಂತೆ ಹಿಡಿಯುವುದು ತಪ್ಪು. ನಿಂಬೆಯ ಹಣ್ಣನ್ನು ಹಿಂಡುವಂತೆ, ಮೊದಲು ಮೆಲ್ಲಗೆ, ಮರುಕ್ಷಣ ಬಲವಾಗಿ, ಹಿಂದಿನ ಬ್ರೇಕಿನೊಡನೆ ಕೂಡಿಸಿ ಹಿಡಿಯಬೇಕು. ಗಾಡಿಯು ನೆಟ್ಟಗಿರಬೇಕು, ಬಾಗಿರುವಾಗ ಬ್ರೇಕನ್ನು ಬಲವಾಗಿ ಹಿಡಿಯಬಾರದು. ೨೦೧೯ನೆಯ ಇಸವಿಯ ಏಪ್ರಿಲಿನಿಂದ ನಮ್ಮಲ್ಲಿ ಮಾರುವ ಹೊಸ ಗಾಡಿಗಳಲ್ಲಿ, ೧೨೫ ಸಿ.ಸಿ.ಗೆ ಮೀರಿದವುಗಳಿಗೆ ಚಕ್ರವು ಕಚ್ಚಿ ಜಾರದಂತೆ ತಡೆಯುವ ಎ.ಬಿ.ಎಸ್. ಎಂಬ ಉಪಕರಣವೂ, ಅದಕ್ಕಿಂತ ಚಿಕ್ಕವಕ್ಕೆ ಎರಡು ಬ್ರೇಕುಗಳನ್ನು ಕೂಡಿಸುವ ಏರ್ಪಾಡಾದರೂ ಇರತಕ್ಕದ್ದೆಂದು ನಿಯಮವಾಯಿತು. ಆದರೆ ಮನೆಯಲ್ಲಿರುವ ಹಳೆಯ ಗಾಡಿಗೆ ಅದಾವುದೂ ಇಲ್ಲ. ಕಲಿಯುವವನಿಗೆ ಸಾಮಾನ್ಯವಾಗಿ ಕೊಡುವುದೂ ಆ ಹಳೆಯದನ್ನೇ.

ವೇಗಕ್ಕೂ ದೂರಕ್ಕೂ ಇರುವ ಸಂಬಂಧವನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಗಂಟೆಗೆ ೩೬ ಕಿಲೋಮೀಟರು ಎಂದರೆ ಸೆಕೆಂಡಿಗೆ ೧೦ ಮೀಟರು. ಅಡ್ಡಬಂದ ಎತ್ತಿನಗಾಡಿಯನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆನ್ನೋಣ. ಅಷ್ಟರಲ್ಲಿ ೧೦ ಮೀಟರು ಹೋಯಿತು. ಬ್ರೇಕು ಹತ್ತಿದ ಮೇಲೆ ಪ್ರತಿ ಸೆಕೆಂಡಿಗೂ ವೇಗವು ಸೆಕೆಂಡಿಗೆ ೫ ಮೀಟರಿನಂತೆ ಇಳಿಯುವುದಾದರೆ ನಿಲ್ಲಲು ಮತ್ತೆ ೧೦ ಮೀಟರು ಬೇಕು. ಒಟ್ಟು ೨೦. ಈಗ ವೇಗವನ್ನು ಎರಡರಷ್ಟು ಮಾಡಿ, ೭೨ ಎನ್ನಿ. ಯೋಚಿಸುವಾಗ ೨೦ ಮೀಟರು, ನಿಲ್ಲಿಸುವಾಗ ೪೦ ಮೀಟರು, ಒಟ್ಟು ೬೦. ವೇಗವು ಎರಡರಷ್ಟಾದರೆ ದೂರವು ಮೂರರಷ್ಟಾಯಿತು. ಇನ್ನೊಂದು ರೀತಿಯಲ್ಲಿ ನೋಡಿರಿ: ಎತ್ತಿನಗಾಡಿಯು ೨೦ ಮೀಟರು ಮುಂದೆ ಇದ್ದರೆ, ಮೊದಲನೆಯ ಸವಾರನು ಅದರ ಬಳಿಗೆ ಬಂದು ನಿಲ್ಲುತ್ತಾನೆ, ಎರಡನೆಯವನು ಬ್ರೇಕನ್ನು ಮುಟ್ಟುವುದಕ್ಕೆ ಮೊದಲೇ ಪೂರ್ಣ ವೇಗದಿಂದ ಅದಕ್ಕೆ ಬಡಿಯುತ್ತಾನೆ. ಮುಂದಿನ ವಾಹನದಿಂದ ಕಡಮೆಯೆಂದರೆ ಎರಡು ಸೆಕೆಂಡಿನ ಅಂತರವಿರಬೇಕೆಂಬ ನಿಯಮವು ಈ ಲೆಕ್ಕದಿಂದಲೇ ಹುಟ್ಟಿದುದು. ಮುಂದಿನ ವಾಹನವು ಒಂದು ಮೈಲಿಗಲ್ಲನ್ನೋ ಮರವನ್ನೋ ದಾಟಿದೊಡನೆ ಎಣಿಸತೊಡಗಿ, ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಎರಡು ಸೆಕೆಂಡು ಕಳೆದಿವೆಯೇ ಎಂದು ನೋಡಿದರಾಯಿತು. ಮಳೆಯಲ್ಲಿಯೂ ರಾತ್ರಿಯಲ್ಲಿಯೂ ನಾಲ್ಕಾದರೂ ಇರಲಿ.

ಮೂರನೆಯದು ಕಣ್ಣು. ಸವಾರನು ಎಲ್ಲಿ ನೋಡುವನೋ ಗಾಡಿಯು ಅಲ್ಲಿಗೇ ಹೋಗುತ್ತದೆ. ರಸ್ತೆಯ ನಡುವಿನ ಗುಂಡಿಯನ್ನು ನೆಟ್ಟ ದೃಷ್ಟಿಯಿಂದ ನೋಡುತ್ತ ಬಂದವನು ಅದರೊಳಕ್ಕೇ ಇಳಿಯುತ್ತಾನೆ. ಅಗಲವಾದ ರಸ್ತೆಯಲ್ಲಿ ಇದ್ದ ಒಂದೇ ಕಲ್ಲಿಗೆ ಬಡಿಯುತ್ತಾನೆ. ನೋಡುವವರು ಇದನ್ನು ಗ್ರಹಚಾರವೆನ್ನುತ್ತಾರೆ. ಕೈಗಳು ಕಣ್ಣನ್ನು ಅನುಸರಿಸುವುದೇ ಇದರ ನಿಜವಾದ ಕಾರಣ. ಅಪಾಯವನ್ನು ಕಂಡೊಡನೆ ದೃಷ್ಟಿಯನ್ನು ಅದರಿಂದ ಕಿತ್ತು, ತಪ್ಪಿಸಿಕೊಂಡು ಹೋಗುವ ದಾರಿಯ ಮೇಲೆ ಇಡಬೇಕು. ತಿರುವಿನಲ್ಲಿ ಚಕ್ರದ ಮುಂದಿನ ನೆಲವನ್ನು ನೋಡದೆ, ತಿರುವು ಮುಗಿಯುವ ಕಡೆಗೆ ಮುಖವನ್ನೇ ತಿರುಗಿಸಿ ನೋಡಬೇಕು. ಇದು ಹೇಳುವುದಕ್ಕೆ ಸುಲಭ, ಭಯದ ಕ್ಷಣದಲ್ಲಿ ಮಾಡುವುದಕ್ಕೆ ಕಷ್ಟ. ಆದುದರಿಂದಲೇ ದಿನದಿನದ ಸವಾರಿಯಲ್ಲಿ ರೂಢಿಸಿಕೊಳ್ಳಬೇಕು.

ತಿರುಗಿಸುವುದರಲ್ಲಿಯೂ ಒಂದು ವಿಚಿತ್ರವಿದೆ. ವೇಗವಾಗಿ ಹೋಗುವ ಎರಡು ಚಕ್ರದ ಗಾಡಿಯು ಬಲಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ವಾಲಬೇಕು. ಬಲಕ್ಕೆ ವಾಲಬೇಕಾದರೆ ಮುಂದಿನ ಚಕ್ರವು ಕ್ಷಣಕಾಲ ಕೊಂಚ ಎಡಕ್ಕೆ ಹೊರಳಬೇಕು. ಎಂದರೆ ಬಲಗೈಯಿಂದ ಬಲದ ಹಿಡಿಯನ್ನು ಮೆಲ್ಲನೆ ಮುಂದಕ್ಕೆ ಒತ್ತಬೇಕು. ವಿಮಾನವನ್ನು ನಿರ್ಮಿಸಿದ ರೈಟ್ ಸಹೋದರರು ಮೊದಲು ಬೈಸಿಕಲ್ಲಿನ ವ್ಯಾಪಾರಿಗಳು. ಅವರಲ್ಲಿ ಹಿರಿಯನಾದ ವಿಲ್ಬರ್ ರೈಟ್‌ನು, ಸೈಕಲ್ಲಿನ ಸವಾರರೆಲ್ಲರೂ ಹೀಗೆಯೇ ಮಾಡುತ್ತಿದ್ದರೂ ಅದನ್ನು ಅರಿತವರು ಬಹು ಅಪೂರ್ವವೆಂದು ಗಮನಿಸಿದ್ದನು. ನಿಧಾನವಾಗಿ ಹೋಗುವಾಗ ಈ ಅರಿವಿಲ್ಲದಿದ್ದರೂ ನಡೆಯುತ್ತದೆ. ವೇಗದಲ್ಲಿ ನಾಯಿಯೋ ಮಗುವೋ ಅಡ್ಡಬಂದಾಗ, ತಿರುಗಬೇಕಾದ ಕಡೆಗೆ ಹ್ಯಾಂಡಲ್ಲನ್ನು ಗಟ್ಟಿಯಾಗಿ ಎಳೆದವನ ಗಾಡಿಯು ಮೊದಲು ಅಪಾಯದ ಕಡೆಗೇ ವಾಲುತ್ತದೆ. ಹರ್ಟ್ ಅವರ ವರದಿಯಲ್ಲಿಯೂ ಈ ಕೌಶಲವು ಅಪಘಾತಕ್ಕೊಳಗಾದವರಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಮೆಯಾಗಿದ್ದಿತೆಂದು ಹೇಳಿದೆ.

ನಾಲ್ಕನೆಯ ತಪ್ಪು, ನಾನು ಕಂಡೆನಾದ್ದರಿಂದ ಅವನೂ ನನ್ನನ್ನು ಕಂಡಿದ್ದಾನೆ ಎಂದು ಭಾವಿಸುವುದು. ಬೇರೊಂದು ವಾಹನವೂ ಸೇರಿದ್ದ ಅಪಘಾತಗಳಲ್ಲಿ ಮೂರನೆಯ ಎರಡು ಪಾಲು ಆ ಬೇರೆ ವಾಹನದವನು ದಾರಿ ಬಿಡದೆ ಅಡ್ಡಬಂದುದರಿಂದ ಆದುವೆಂದು ಅದೇ ವರದಿಯು ತಿಳಿಸುತ್ತದೆ; ಸವಾರನು ತನ್ನ ಕಣ್ಣಿಗೆ ಬೀಳಲೇ ಇಲ್ಲವೆಂಬುದು ಅವರಲ್ಲಿ ಅನೇಕರ ಮಾತು. ಮೋಟಾರು ಸೈಕಲ್ಲು ಕಿರಿದು. ದೊಡ್ಡದನ್ನು ಹುಡುಕುವ ಕಣ್ಣು ಕಿರಿದನ್ನು ಬಿಟ್ಟುಬಿಡುತ್ತದೆ. ೨೦೧೭ನೆಯ ಇಸವಿಯ ಏಪ್ರಿಲಿನಿಂದ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳ ಮುಂದಿನ ದೀಪವು ಹಗಲಿನಲ್ಲಿಯೂ ತಾನಾಗಿಯೇ ಉರಿಯುವಂತೆ ಮಾಡಿರುವುದು ಇದಕ್ಕಾಗಿಯೇ. ಕವಲುದಾರಿಯಲ್ಲಿ, ಬಸ್ಸುನಿಲ್ದಾಣದ ಬಾಗಿಲಲ್ಲಿ, ನಿಂತ ಲಾರಿಯ ಮರೆಯಲ್ಲಿ, ಯಾರಿಗೂ ತಾನು ಕಾಣಿಸುತ್ತಿಲ್ಲವೆಂದೇ ತಿಳಿದು ಹೋಗತಕ್ಕದ್ದು.

ಇಷ್ಟು ಎಲ್ಲ ದೇಶಗಳಿಗೂ ಸಲ್ಲುವ ಮಾತಾಯಿತು. ಇನ್ನು ನಾಲ್ಕು ಸೀಮೆಗಳ ರಸ್ತೆಗಳು ಹೊಸ ಸವಾರನಿಗೆ ಕಲಿಸುವ ಪಾಠಗಳನ್ನು ನೋಡೋಣ. ಇಂಡಿಯ ಸೀಮೆಯಲ್ಲಿ ಹೊರ್ತಿಯ ಮೂಲಕ ಹಾದುಹೋಗುವ ಸೊಲ್ಲಾಪುರ ವಿಜಯಪುರ ಹೆದ್ದಾರಿಯು ವಿಶಾಲವಾದುದು. ಇಕ್ಕಟ್ಟಾದ ಹಳ್ಳಿಯ ದಾರಿಯಿಂದ ಒಮ್ಮೆಗೇ ಅಲ್ಲಿಗೆ ಬಂದ ಸವಾರನಿಗೆ ಹಿಂದಿನಿಂದ ಬರುವ ವಾಹನಗಳ ವೇಗದ ಅಂದಾಜು ಇರುವುದಿಲ್ಲ. ದೂರದಲ್ಲಿದೆಯೆಂದು ಎಣಿಸಿದ ಕಾರು ಮೂರೆಣಿಸುವಷ್ಟರಲ್ಲಿ ಮೈಮೇಲೆ ಬಂದಿರುತ್ತದೆ. ಅರ್ಧ ಕಿಲೋಮೀಟರು ಉಳಿಯುವುದೆಂದು ಎದುರುದಿಕ್ಕಿನಲ್ಲಿಯೇ ಅಂಚನ್ನು ಹಿಡಿದು ಬರುವ ರೂಢಿಯಂತೂ ಮಹಾ ಅಪಾಯಕರ. ಕಬ್ಬು ಕಡಿಯುವ ಕಾಲದಲ್ಲಿ ಮತ್ತೊಂದು ಭಯವುಂಟು. ಎರಡೆರಡು ಟ್ರೇಲರುಗಳಲ್ಲಿ ಕಬ್ಬನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ರಾತ್ರಿಯೆಲ್ಲ ಸಾಗುತ್ತವೆ. ಕೆಲವು ಗಾಲಿ ಕೆಟ್ಟು ರಸ್ತೆಯಲ್ಲಿಯೇ ನಿಂತಿರುತ್ತವೆ. ಎದುರು ಬರುವ ಲಾರಿಯ ದೀಪವು ಕಣ್ಣಿಗೆ ಕುಕ್ಕಿದಾಗ ಆ ಕಪ್ಪು ರಾಶಿಯು ಕಾಣುವುದೇ ಇಲ್ಲ. ದೀಪದ ಬೆಳಕು ಎಷ್ಟು ದೂರ ಬೀಳುವುದೋ ಅಷ್ಟರೊಳಗೆ ನಿಲ್ಲಿಸಬಲ್ಲ ವೇಗದಲ್ಲಿಯೇ ರಾತ್ರಿ ಹೋಗಬೇಕು; ಕಣ್ಣು ಕುಕ್ಕಿದರೆ ವೇಗವನ್ನು ಇಳಿಸಿ ರಸ್ತೆಯ ಎಡ ಅಂಚನ್ನು ನೋಡುತ್ತ ಸಾಗಬೇಕು.

ಸಿಂದಗಿಯ ಕಡೆಯ ಎರೆನೆಲವು ಬೇಸಗೆಯಲ್ಲಿ ಬಿರಿದು ನಿಲ್ಲುತ್ತದೆ, ಮಳೆ ಬಿದ್ದರೆ ಬೆಣ್ಣೆಯಾಗುತ್ತದೆ. ಹೊಲದಿಂದ ಬಂದ ಗಾಡಿಗಳ ಗಾಲಿಗಳು ಆ ಮಣ್ಣನ್ನು ಡಾಂಬರಿನ ಮೇಲೆ ತಂದು ಮೆತ್ತುತ್ತವೆ. ಮೊದಲ ಮಳೆಯ ಹನಿಗಳು ಅದರ ಮೇಲೆ ಬಿದ್ದಾಗ ರಸ್ತೆಯು ಎಣ್ಣೆ ಸವರಿದಂತಾಗುತ್ತದೆ. ಅಂಥಲ್ಲಿ ಬ್ರೇಕನ್ನು ಮೃದುವಾಗಿ ಹಿಡಿದು, ಗಾಡಿಯನ್ನು ಬಾಗಿಸದೆ, ಒಂದೇ ವೇಗದಲ್ಲಿ ದಾಟಬೇಕು. ಎರೆಹೊಲದ ದಾರಿಯಲ್ಲಿ ಮಣ್ಣು ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಸಿಕ್ಕಿಕೊಂಡು ಚಕ್ರವನ್ನೇ ನಿಲ್ಲಿಸುವುದೂ ಉಂಟು. ಇಳಿದು ಕೋಲಿನಿಂದ ಕೆರೆದು ತೆಗೆಯದೆ ಎಂಜಿನ್ನಿನ ಬಲದಿಂದ ಎಳೆಸುವವರು ಕ್ಲಚ್ಚನ್ನು ಸುಟ್ಟುಕೊಳ್ಳುತ್ತಾರೆ.

ಸುಗ್ಗಿಯಲ್ಲಿ ಈ ಸೀಮೆಗಳಲ್ಲೆಲ್ಲ ಕಾಣುವ ಮತ್ತೊಂದು ನೋಟವೆಂದರೆ ರಸ್ತೆಯ ಮೇಲಣ ರಾಶಿ. ಜೋಳದ ತೆನೆ, ತೊಗರಿ, ಕಡಲೆ, ಸೂರ್ಯಕಾಂತಿಗಳನ್ನು ರಸ್ತೆಯಲ್ಲಿ ಹರಡುತ್ತಾರೆ. ಹಾಯುವ ವಾಹನಗಳ ಗಾಲಿಗಳೇ ಅದನ್ನು ತುಳಿದುಕೊಡುತ್ತವೆ. ರೈತನಿಗೆ ಕಣವಿಲ್ಲ, ಆಳಿಲ್ಲ; ಅವನ ಕಷ್ಟವೂ ನಿಜವೇ. ಆದರೆ ಕಾರಿಗೆ ಏನೂ ಆಗದ ಆ ಹಾಸು ಎರಡು ಚಕ್ರದವನಿಗೆ ಜಾರುಬಂಡೆ. ಒಣ ಸೊಪ್ಪಿನ ಕೆಳಗೆ ಉರುಳುವ ಕಾಳುಗಳಿರುತ್ತವೆ. ಗಾಳಿಗೆ ಹಾರದಿರಲೆಂದು ಅಂಚಿನಲ್ಲಿ ಕಲ್ಲುಗಳನ್ನು ಇಟ್ಟಿರುತ್ತಾರೆ, ಸಂಜೆ ರಾಶಿಯನ್ನು ಎತ್ತಿದ ಮೇಲೂ ಆ ಕಲ್ಲುಗಳು ಅಲ್ಲಿಯೇ ಉಳಿಯುತ್ತವೆ. ದೂರದಿಂದ ಕಂಡೊಡನೆಯೇ ವೇಗವನ್ನು ಇಳಿಸಬೇಕು; ಅದರ ಮೇಲೆ ಬಂದಮೇಲೆ ಬ್ರೇಕನ್ನು ಹಿಡಿಯುವುದಾಗಲಿ ಹ್ಯಾಂಡಲ್ಲನ್ನು ತಿರುಗಿಸುವುದಾಗಲಿ ಕೂಡದು.

ಮುದ್ದೇಬಿಹಾಳ ತಾಳಿಕೋಟೆಗಳ ಕಡೆ ಡೋಣಿಯ ನೆರೆಯು ಪಾಠ ಹೇಳುತ್ತದೆ. ಬೇಸಗೆಯಲ್ಲಿ ಬಡವಾಗಿ ಹರಿಯುವ ಈ ಹೊಳೆಯು ಮಳೆಯಾದಾಗ ತಗ್ಗಿನ ಸೇತುವೆಗಳನ್ನು ಮುಳುಗಿಸಿಬಿಡುತ್ತದೆ. ನೀರು ಮೊಣಕಾಲುದ್ದವಿದೆ, ಆಚೆಯ ದಡವು ಕಾಣುತ್ತಿದೆ ಎಂದು ಗಾಡಿಯನ್ನು ಇಳಿಸುವ ತರುಣನಿಗೆ ನೀರಿನ ಸೆಳೆತದ ಬಲ ಗೊತ್ತಿಲ್ಲ. ಕೆಳಗೆ ಸೇತುವೆಯ ಅಂಚು ಕೊಚ್ಚಿಹೋಗಿದೆಯೋ ಎಂಬುದು ಯಾರಿಗೂ ಕಾಣದು. ಇಲ್ಲಿ ಜಾಣ ಸವಾರನ ಕೌಶಲವು ಗಾಡಿಯನ್ನು ನಿಲ್ಲಿಸಿ ನೀರು ಇಳಿಯುವವರೆಗೆ ಕುಳಿತುಕೊಳ್ಳುವುದರಲ್ಲಿದೆ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ಹೊಳೆಯ ದಡದಲ್ಲಿ ಅಕ್ಷರಶಃ ಸತ್ಯ.

ಬಸವನ ಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳ. ಅದರ ತೆಂಕಣ ದಿಕ್ಕಿನಲ್ಲಿ ಆಲಮಟ್ಟಿಯ ಅಣೆಕಟ್ಟು. ಒಂದಕ್ಕೆ ಭಕ್ತರು, ಮತ್ತೊಂದಕ್ಕೆ ವಿಹಾರಾರ್ಥಿಗಳು ಬರುತ್ತಿರುತ್ತಾರೆ. ಶ್ರಾವಣದಲ್ಲಿ ಕಾಲ್ನಡಿಗೆಯಿಂದ ಹೋಗುವವರು ಬಿಸಿಲನ್ನು ತಪ್ಪಿಸಲು ನಸುಕಿನಲ್ಲಿ ರಸ್ತೆಯ ಅಂಚನ್ನು ಹಿಡಿದು ನಡೆಯುತ್ತಾರೆ. ಅಲ್ಲಿ ಹೊಸ ಸವಾರನು ಅಪಾಯಕ್ಕೆ ಗುರಿಯಷ್ಟೇ ಅಲ್ಲ, ತಾನೇ ಅಪಾಯವೂ ಆಗಿದ್ದಾನೆ. ತನಗಿಂತ ದೊಡ್ಡ ವಾಹನದವರಿಂದ ಯಾವ ಕನಿಕರವನ್ನು ಬಯಸುತ್ತಾನೋ ಅದನ್ನು ನಡೆಯುವವರಿಗೆ ತಾನು ತೋರಿಸಬೇಕು.

ಇಲ್ಲಿ ಗಾಡಿಯನ್ನು ಬದಲಿಸುವ ವಿಷಯವಾಗಿ ಒಂದು ಮಾತು. ಅಪಘಾತವಾದವರಲ್ಲಿ ಅನೇಕರಿಗೆ ಆ ಗಾಡಿಯು ಹೊಸತಾಗಿದ್ದಿತೆಂದು ಮೊದಲೇ ಹೇಳಿದೆನಷ್ಟೆ. ೧೯೬೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಗಿ ೧೯೯೬ರಲ್ಲಿ ಮುಚ್ಚಿಹೋದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಗಾಡಿಗಳಲ್ಲಿ ಕಿಕ್ಕು ಹೊಡೆಯುವ ಸನ್ನೆಯೇ ಗೇರು ಹಾಕುವ ಸನ್ನೆಯೂ ಆಗಿದ್ದಿತು. ಹಳೆಯ ಎನ್‌ಫೀಲ್ಡ್ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಕೆಲವು ಗಾಡಿಗಳಲ್ಲಿ ಎಲ್ಲ ಗೇರುಗಳನ್ನೂ ಮುಂದಕ್ಕೆ ಒತ್ತಿ ಹಾಕಬೇಕು. ಮತ್ತೆ ಕೆಲವರಲ್ಲಿ ಮೊದಲನೆಯದು ಕೆಳಕ್ಕೆ, ಉಳಿದುವು ಮೇಲಕ್ಕೆ. ಒಂದಕ್ಕೆ ಒಗ್ಗಿದ ಕಾಲು ಆತಂಕದಲ್ಲಿ ಇನ್ನೊಂದರ ಮೇಲೆಯೂ ಹಳೆಯ ಪಾಠವನ್ನೇ ಒಪ್ಪಿಸುತ್ತದೆ. ಬ್ರೇಕೆಂದು ಗೇರನ್ನು ತುಳಿಯುತ್ತದೆ. ಆದುದರಿಂದ ಗೆಳೆಯನ ಗಾಡಿಯನ್ನು ಎರವಲು ಪಡೆದವನು ಅದು ಎಷ್ಟು ಓಡುತ್ತದೆಂದು ನೋಡುವುದಕ್ಕೆ ಮೊದಲು ಎಷ್ಟು ಬೇಗ ನಿಲ್ಲುತ್ತದೆಂದು ನೋಡಬೇಕು.

ಹಿಂದೆ ಕುಳಿತವರೂ ಹೇರಿದ ಮೂಟೆಯೂ ಗಾಡಿಯ ಸ್ವಭಾವವನ್ನೇ ಬದಲಿಸುತ್ತವೆ. ಭಾರವು ಹಿಂದಾದರೆ ಮುಂದಿನ ಚಕ್ರವು ಹಗುರವಾಗಿ ಹ್ಯಾಂಡಲ್ಲು ಅಲುಗುತ್ತದೆ. ನಿಲ್ಲಿಸುವ ದೂರವೂ ಹೆಚ್ಚುತ್ತದೆ. ಕಾಯಿದೆಯಂತೆ ಹಿಂದೆ ಒಬ್ಬರಿಗೆ ಮಾತ್ರ ಅವಕಾಶ. ನಮ್ಮ ರಸ್ತೆಗಳಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು ಒಂದು ಗಾಡಿಯಲ್ಲಿ ಹೋಗುವುದನ್ನು ನೋಡುತ್ತೇವೆ. ಬಡತನವು ಅದಕ್ಕೆ ಕಾರಣವೆಂಬುದು ನಿಜ. ಆದರೆ ಭೌತಶಾಸ್ತ್ರದ ನಿಯಮವು ಬಡವನಿಗೆ ವಿನಾಯಿತಿಯನ್ನು ಕೊಡುವುದಿಲ್ಲ. ಸೀರೆಯ ಸೆರಗು, ದುಪ್ಪಟ್ಟಿ, ಹೆಗಲ ಮೇಲಿನ ವಲ್ಲಿ ಚಕ್ರಕ್ಕೆ ಸುತ್ತಿಕೊಂಡು ಕೊರಳಿಗೆ ಕುತ್ತಾಗುವುದುಂಟು. ಹಿಂದಿನ ಚಕ್ರಕ್ಕೆ ಹಾಕಿರುವ ತಡಿಕೆಯನ್ನು ಅಂದಕ್ಕಾಗಿ ಬಿಚ್ಚಿಡುವುದು ಅವಿವೇಕ.

ಶಿರಸ್ತ್ರಾಣದ ವಿಷಯಕ್ಕೆ ಬರೋಣ. ಇದರ ಹಿಂದೆ ಒಂದು ಚರಿತ್ರೆಯಿದೆ. ಅರೇಬಿಯದ ಲಾರೆನ್ಸ್ ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸನು ೧೯೩೫ನೆಯ ಇಸವಿಯ ಮೇ ೧೩ರಂದು ಇಂಗ್ಲೆಂಡಿನಲ್ಲಿ ತನ್ನ ಮೋಟಾರು ಸೈಕಲ್ಲಿನ ಮೇಲೆ ಹೋಗುತ್ತಿದ್ದಾಗ, ಸೈಕಲ್ಲುಗಳಲ್ಲಿ ಬರುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದು, ತಲೆಗೆ ಪೆಟ್ಟಾಗಿ ಆರು ದಿನಗಳ ತರುವಾಯ ತೀರಿಕೊಂಡನು. ಯುದ್ಧದ ಗುಂಡುಗಳಿಂದ ಉಳಿದವನನ್ನು ಹಳ್ಳಿಯ ರಸ್ತೆಯು ಬಲಿತೆಗೆದುಕೊಂಡಿತು. ಅವನ ಚಿಕಿತ್ಸೆಯಲ್ಲಿ ಭಾಗಿಯಾಗಿದ್ದ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನು ಆ ಸಾವನ್ನು ಮರೆಯಲಿಲ್ಲ. ಮೋಟಾರು ಸೈಕಲ್ ಸವಾರರ ತಲೆಯ ಗಾಯಗಳನ್ನು ಕುರಿತು ಅವನು ೧೯೪೧ರಲ್ಲಿ ಪ್ರಕಟಿಸಿದ ಲೇಖನವು ಶಿರಸ್ತ್ರಾಣದ ಉಪಯೋಗವನ್ನು ಸ್ಪಷ್ಟಪಡಿಸಿತು. ಅದೇ ವರ್ಷ ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆ ಅದನ್ನು ಕಡ್ಡಾಯಮಾಡಿತು. ಅನಂತರ ನಡೆದ ಅನೇಕ ಪರಿಶೋಧನೆಗಳನ್ನು ಕೂಡಿಸಿ ನೋಡಿದವರು, ಹೆಲ್ಮೆಟ್ಟಿನಿಂದ ಸಾವಿನ ಅಪಾಯವು ನೂರಕ್ಕೆ ೪೨ರಷ್ಟೂ, ತಲೆಯ ಪೆಟ್ಟು ನೂರಕ್ಕೆ ೬೯ರಷ್ಟೂ ತಗ್ಗುವುದೆಂದು ಕಂಡರು. ಹೀಗಿದ್ದೂ ನಮ್ಮ ದೇಶದಲ್ಲಿ ೨೦೨೨ರಲ್ಲಿ ಮೃತರಾದ ಸವಾರರಲ್ಲಿಯೂ ಹಿಂದೆ ಕುಳಿತವರಲ್ಲಿಯೂ ೫೦,೦೨೯ ಮಂದಿ ಹೆಲ್ಮೆಟ್ಟನ್ನು ಧರಿಸಿರಲಿಲ್ಲ. ವಿಜಯಪುರದ ಬಿಸಿಲಿನಲ್ಲಿ ಅದು ಸೆಕೆಯೆಂಬುದು ನಿಜ. ಆದರೆ ಪೊಲೀಸಿನವರನ್ನು ಕಂಡಾಗ ಮಾತ್ರ ತಲೆಗೇರಿಸಿ, ಉಳಿದ ವೇಳೆಯಲ್ಲಿ ಕನ್ನಡಿಗೆ ತೂಗುಹಾಕಿದ ಹೆಲ್ಮೆಟ್ಟು ಕನ್ನಡಿಯನ್ನು ಮಾತ್ರ ಕಾಪಾಡುತ್ತದೆ. ಐ.ಎಸ್.ಐ. ಗುರುತಿರಬೇಕು, ತಲೆಗೆ ಬಿಗಿಯಾಗಿರಬೇಕು, ಗಲ್ಲದ ಪಟ್ಟಿಯನ್ನು ಹಾಕಿರಬೇಕು.

ತಂದೆತಾಯಿಗಳಿಗೆ ಒಂದು ಎಚ್ಚರಿಕೆ. ಗೇರುಳ್ಳ ಮೋಟಾರು ಸೈಕಲ್ಲಿಗೆ ಹದಿನೆಂಟು ವರ್ಷ ತುಂಬಿರಬೇಕು. ೨೦೧೯ರಲ್ಲಿ ತಿದ್ದಿದ ಕಾಯಿದೆಯಂತೆ, ಅಪ್ರಾಪ್ತನು ವಾಹನವನ್ನು ಓಡಿಸಿ ಅಪರಾಧವೆಸಗಿದರೆ ಪೋಷಕನಿಗೂ ವಾಹನದ ಮಾಲೀಕನಿಗೂ ಮೂರು ವರ್ಷದವರೆಗೆ ಸೆರೆಮನೆಯ ವಾಸವನ್ನೂ ೨೫,೦೦೦ ರೂಪಾಯಿ ದಂಡವನ್ನೂ ವಿಧಿಸಬಹುದು; ಆ ಹುಡುಗನಿಗೆ ಇಪ್ಪತ್ತೈದು ವರ್ಷವಾಗುವವರೆಗೆ ಲೈಸೆನ್ಸು ದೊರೆಯದು. ಕಲಿಯುವವನ ಪರವಾನಿಗೆಯು ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನಗಳಾದ ಮೇಲೆ ಪೂರ್ಣ ಲೈಸೆನ್ಸಿಗೆ ಪರೀಕ್ಷೆ ಕೊಡಬಹುದು. ಆ ಕಾಲದಲ್ಲಿ ಕಲಿಸುವವನ ಹೊರತು ಬೇರೆಯವರನ್ನು ಹಿಂದೆ ಕೂರಿಸುವಂತಿಲ್ಲ.

ಈ ಮೂವತ್ತು ದಿನಗಳನ್ನು ಹೇಗೆ ಕಳೆಯಬೇಕು? ಬೆಂಕಿ ಬಿದ್ದಾಗ ಬಾವಿ ತೋಡುವುದು ವ್ಯರ್ಥ. ಅಪಾಯದ ಕ್ಷಣದಲ್ಲಿ ಕೈಗೆ ಬರುವುದು ಮ

ೊದಲೇ ಮಾಡಿದ ಅಭ್ಯಾಸವೊಂದೇ. ಶಾಲೆಯ ಮೈದಾನವೋ ಸಂತೆಯಿಲ್ಲದ ದಿನದ ಸಂತೆಬಯಲೋ ಸಾಕು. ಮೊದಲು ಎಂಜಿನ್ನನ್ನು ಹಚ್ಚದೆ ಗಾಡಿಯನ್ನು ತಳ್ಳಿ, ಅದರ ತೂಕವನ್ನು ಮೈಗೆ ಪರಿಚಯಿಸಬೇಕು. ಆಮೇಲೆ ಕ್ಲಚ್ಚು, ಅನಂತರ ನಡಿಗೆಯ ವೇಗದಲ್ಲಿ ಎಂಟರ ಆಕಾರವಾಗಿ ಸುತ್ತುವುದು. ತರುವಾಯ ಗಂಟೆಗೆ ಇಪ್ಪತ್ತು, ಮೂವತ್ತು, ನಲವತ್ತು ಕಿಲೋಮೀಟರು ವೇಗಗಳಿಂದ ಎರಡು ಬ್ರೇಕುಗಳನ್ನೂ ಹಿಡಿದು, ಗುರುತಿಟ್ಟ ಸ್ಥಳದಲ್ಲಿ ಜಾರದಂತೆ ನಿಲ್ಲಿಸುವುದನ್ನು ದಿನವೂ ಹತ್ತಾರು ಬಾರಿ ಮಾಡಬೇಕು. ಹಿಡಿಯನ್ನು ಒತ್ತಿ ಅಡ್ಡಿಯನ್ನು ತಪ್ಪಿಸುವುದು ಅದರ ಮುಂದಿನ ಪಾಠ. ಇವು ಕೈವಶವಾದಮೇಲೆ ಬೆಳಗಿನ ಬರಿದಾದ ರಸ್ತೆ, ಅನಂತರ ಪೇಟೆ, ಅನಂತರ ಹೆದ್ದಾರಿ, ಅನಂತರ ರಾತ್ರಿ ಮತ್ತು ಮಳೆ, ಲೈಸೆನ್ಸು ದೊರೆತ ಮೇಲೆ ಕಡೆಗೆ ಹಿಂದೆ ಒಬ್ಬರು. ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಅನುಭವವುಳ್ಳ ಸವಾರರೂ ವರ್ಷಕ್ಕೊಮ್ಮೆ, ಮಳೆಗಾಲದ ಮೊದಲು, ಬ್ರೇಕಿನ ಪಾಠವನ್ನು ಮತ್ತೆ ಒಪ್ಪಿಸಿದರೆ ಒಳ್ಳೆಯದು.

ಇಷ್ಟಾದರೂ ಅಪಘಾತಗಳು ಆಗಿಯೇ ಆಗುತ್ತವೆ. ಬಿದ್ದವನನ್ನು ಕಂಡಾಗ ೧೦೮ಕ್ಕೆ ಕರೆಮಾಡಿ. ಅವನ ಕೊರಳನ್ನು ತಿರುಚದೆ, ಹೆಲ್ಮೆಟ್ಟನ್ನು ಒರಟಾಗಿ ಕೀಳದೆ, ಹಿಂದಿನಿಂದ ಬರುವ ವಾಹನಗಳನ್ನು ತಡೆದು ನಿಲ್ಲಿಸಿರಿ. ಸದ್ಭಾವದಿಂದ ನೆರವಾದವರಿಗೆ ಕಾಯಿದೆಯ ರಕ್ಷಣೆಯಿದೆ. ಪೊಲೀಸಿನ ತೊಡಕು ಬಂದೀತೆಂದು ಹಿಂಜರಿಯಬೇಕಾಗಿಲ್ಲ.

ಮೋಟಾರು ಸೈಕಲ್ಲು ಕೆಟ್ಟದೆಂದು ಹೇಳುವುದು ನನ್ನ ಉದ್ದೇಶವಲ್ಲ. ಅದು ದೂರದ ಹಳ್ಳಿಯ ಹುಡುಗಿಯನ್ನು ಕಾಲೇಜಿಗೂ, ಹೆರಿಗೆಯ ನೋವಿನಲ್ಲಿರುವವಳ ಮನೆಗೆ ದಾದಿಯನ್ನೂ, ಇಂಡಿಯ ನಿಂಬೆಯ ಚೀಲವನ್ನು ಪೇಟೆಗೂ ಮುಟ್ಟಿಸಿದೆ. ಇಷ್ಟು ಉಪಕಾರಿಯಾದ ಯಂತ್ರವನ್ನು ಮಕ್ಕಳ ಕೈಗೆ ಕೊಡುವಾಗ ನಾವು ಬೀಗದಕೈಯನ್ನು ಕೊಡುತ್ತೇವೆ, ಪೂಜೆಮಾಡಿ ಗಾಲಿಗೆ ನಿಂಬೆಹಣ್ಣನ್ನು ಇಡುತ್ತೇವೆ, ಹಾರವನ್ನು ಹಾಕುತ್ತೇವೆ. ಅದರೊಡನೆ ಒಂದು ತಿಂಗಳ ಶಿಕ್ಷಣವನ್ನೂ ಒಂದು ಒಳ್ಳೆಯ ಹೆಲ್ಮೆಟ್ಟನ್ನೂ ಕೊಟ್ಟರೆ, ಸಂಜೆ ತಡವಾದಾಗ ಬಾಗಿಲಲ್ಲಿ ನಿಂತು ದಾರಿನೋಡುವ ತಾಯಂದಿರ ಕಳವಳವು ಕೊಂಚವಾದರೂ ಕಡಮೆಯಾದೀತು.